ಬಿಗ್ ಬೆನ್ ವಾಲದಂತೆ ಅಗೆದ ನಿಲ್ದಾಣ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಭೂಗತ ನಿಲ್ದಾಣಕ್ಕೆ ಇಳಿದವರು ಗೋಡೆಯಿಂದ ಗೋಡೆಗೆ ಚಾಚಿರುವ ದಪ್ಪ ಉಕ್ಕಿನ ಕೊಳವೆಗಳನ್ನೂ ಅವುಗಳ ನಡುವೆ ಅಡ್ಡಾದಿಡ್ಡಿಯಾಗಿ ಹಾಯುವ ಎಸ್ಕಲೇಟರ್‌ಗಳನ್ನೂ ಗಿಲಾವು ಕಾಣದ ಕಾಂಕ್ರೀಟನ್ನೂ ನೋಡಿ, ಇದು ಯಾರೋ ವಾಸ್ತುಶಿಲ್ಪಿಯ ನಾಟಕೀಯ ಕಲ್ಪನೆ ಎಂದುಕೊಳ್ಳುವುದುಂಟು. ಅಡಿಪಾಯದ ಲೆಕ್ಕಗಳಲ್ಲೇ ವೃತ್ತಿಜೀವನ ಕಳೆದ ನನ್ನ ಕಣ್ಣಿಗೆ ಮೊದಲು ಬೀಳುವುದು ಆ ಗೋಡೆಗಳ ಹಿಂದಿನ ಮಣ್ಣು. ಅಲ್ಲಿ ಕಾಣುವ ಆಕಾರಗಳಲ್ಲಿ ಬಹುಪಾಲು ಆ ಮಣ್ಣು ಹೇರಿದ ಷರತ್ತುಗಳಿಂದಲೇ ಹುಟ್ಟಿದವು.

ಇಲ್ಲಿನ ಮೊದಲ ನಿಲ್ದಾಣ 1868ರ ಡಿಸೆಂಬರ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಬ್ರಿಜ್ ಎಂಬ ಹೆಸರಿನಿಂದ ತೆರೆಯಿತು. ಮೇಲಿನಿಂದ ಕಾಲುವೆಯಂತೆ ಅಗೆದು, ಹಳಿ ಹಾಕಿ, ಮತ್ತೆ ಮುಚ್ಚುವ ಹಳೆಯ ಕ್ರಮದಲ್ಲಿ ಕಟ್ಟಿದ್ದರಿಂದ ಅದು ನೆಲಮಟ್ಟಕ್ಕೆ ಹತ್ತಿರದಲ್ಲೇ ಇತ್ತು. ಈಗಿನ ಹೆಸರು ಬಂದದ್ದು 1907ರಲ್ಲಿ.

ನಿಜವಾದ ಕಷ್ಟ ಎದುರಾದದ್ದು 1990ರ ದಶಕದಲ್ಲಿ, ಭೂಗತ ರೈಲಿನ ಜ್ಯೂಬಿಲಿ ಮಾರ್ಗವನ್ನು ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ವರೆಗೆ ವಿಸ್ತರಿಸಲು ಹೊರಟಾಗ. ಹೊಸ ಸುರಂಗಗಳು ಸಂಸತ್ತಿನ ಗಡಿಯಾರದ ಗೋಪುರದ ಸನಿಹದಲ್ಲೇ ಸಾಗಬೇಕಿತ್ತು. (ಲೋಕವೆಲ್ಲ ಬಿಗ್ ಬೆನ್ ಎಂದು ಕರೆಯುವುದು ಇದನ್ನೇ, ಆ ಹೆಸರು ಮೂಲದಲ್ಲಿ ಒಳಗಿನ ಗಂಟೆಯದು.) 96 ಮೀಟರ್ ಎತ್ತರದ ಆ ಗೋಪುರ ನಿಂತಿರುವುದು ಸುಮಾರು 3 ಮೀಟರ್ ದಪ್ಪದ ಕಾಂಕ್ರೀಟ್ ಹಾಸಿನ ಮೇಲೆ. ಪಕ್ಕದ ಮಣ್ಣು ಸರಿದರೆ ಅದು ವಾಲಬಹುದಿತ್ತು. ಆದ್ದರಿಂದ ಎರಡು ಸುರಂಗಗಳನ್ನು ಅಕ್ಕಪಕ್ಕದಲ್ಲಿ ಇಡದೆ, ಗೋಪುರದಿಂದ ಆದಷ್ಟು ದೂರ ಸರಿಸಿ, ಒಂದರ ಕೆಳಗೆ ಇನ್ನೊಂದನ್ನು ಕೊರೆದರು. ಅವುಗಳನ್ನು ತಲುಪಲು 39 ಮೀಟರ್ ಆಳದ ಪೆಟ್ಟಿಗೆಯಾಕಾರದ ಗುಂಡಿ ಬೇಕಾಯಿತು. ಹಾಪ್ಕಿನ್ಸ್ ವಾಸ್ತುಶಿಲ್ಪ ಸಂಸ್ಥೆ ರೂಪಿಸಿದ ನಿಲ್ದಾಣವೆಂದರೆ ಈ ಗುಂಡಿಯೇ.

ಬೆಂಗಳೂರಿನ ಬಂಡೆಯಲ್ಲಿ ಕೆಲಸ ಕಲಿತವರಿಗೆ ಲಂಡನ್ನಿನ ಜೇಡಿಮಣ್ಣಿನ ಗುಣ ಹೊಸದೆನಿಸುತ್ತದೆ. ಆ ಮಣ್ಣನ್ನು ಕೊರೆಯುವುದು ಸುಲಭ, ಆದರೆ ಪಕ್ಕದ ಭಾರ ತೆಗೆದೊಡನೆ ಅದು ಗುಂಡಿಯ ಕಡೆಗೆ ಸರಿಯತೊಡಗುತ್ತದೆ, ಅಗೆತ ನಿಂತ ಮೇಲೂ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಅದಕ್ಕಾಗಿ ಮೊದಲು ಸುತ್ತಲೂ 1 ಮೀಟರ್ ದಪ್ಪದ ಡಯಾಫ್ರಂ ಗೋಡೆ (ಗುಂಡಿ ಅಗೆಯುವ ಮೊದಲೇ ನೆಲದೊಳಗೆ ಎರಕ ಹೊಯ್ಯುವ ಕಾಂಕ್ರೀಟ್ ಗೋಡೆ) ಇಳಿಸಿ, ಮೇಲಿನಿಂದ ಕೆಳಕ್ಕೆ ಅಗೆಯುತ್ತ, ಹಂತಹಂತಕ್ಕೂ ಎದುರುಬದುರು ಗೋಡೆಗಳ ನಡುವೆ ಅಡ್ಡ ಆಸರೆ ಕೊಟ್ಟರು. ನನಗೆ ಅತ್ಯಂತ ಜಾಣತನದ್ದೆನಿಸುವುದು ತಳಭಾಗದ ಆಸರೆ: ಅಗೆತ ಅಲ್ಲಿಗೆ ಮುಟ್ಟುವ ಮೊದಲೇ ಮಣ್ಣಿನೊಳಗೆ ಸಣ್ಣ ಸುರಂಗಗಳನ್ನು ತೋಡಿ ಅದನ್ನು ಕೂರಿಸಿಬಿಟ್ಟಿದ್ದರು. ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಇಂಥ ಆಸರೆಗಳನ್ನು ಬಿಚ್ಚುತ್ತಾರೆ, ಇಲ್ಲವೇ ಚಪ್ಪಡಿಯೊಳಗೆ ಮರೆಮಾಡುತ್ತಾರೆ. ಇಲ್ಲಿ ಮೇಲಿನ ಕೊಳವೆಗಳನ್ನು ಕಾಣುವಂತೆಯೇ ಉಳಿಸಿಕೊಂಡದ್ದರಿಂದ ಇಡೀ ಆಳ ಒಂದೇ ನೋಟಕ್ಕೆ ಸಿಗುತ್ತದೆ.

ಇಷ್ಟಾದರೂ ಗೋಪುರ ವಾಲುವುದು ಖಚಿತವಿತ್ತು. ಹಾಗಾಗಿ ಅದರ ಅಡಿಪಾಯದ ಕೆಳಗಿನ ಮಣ್ಣಿಗೆ ಅಡ್ಡಡ್ಡವಾಗಿ ಕೊಳವೆಗಳನ್ನು ತೂರಿಸಿಟ್ಟು, ಗೋಪುರ ಗುಂಡಿಯ ಕಡೆಗೆ ತುಸು ಬಾಗಿದಾಗಲೆಲ್ಲ ಅವುಗಳ ಮೂಲಕ ಸಿಮೆಂಟಿನ ಗ್ರೌಟ್ (ತೆಳು ಗಾರೆ) ಒತ್ತಿ ನೆಲವನ್ನು ಆ ಬದಿಯಲ್ಲಿ ಮೇಲೆತ್ತಿದರು. ಪೀಸಾದ ವಾಲುಗೋಪುರವನ್ನು ಉಳಿಸುವ ಕೆಲಸದಲ್ಲೂ ಇದ್ದ ಪ್ರಾಧ್ಯಾಪಕ ಜಾನ್ ಬರ್ಲ್ಯಾಂಡ್ ಇದಕ್ಕೆ ಸಲಹೆಗಾರರಾಗಿದ್ದರು. ಒಮ್ಮೆ ಒತ್ತಿ ಮುಗಿಸುವ ಕೆಲಸ ಇದಲ್ಲ. ಅಳೆದು, ತುಸು ಒತ್ತಿ, ಕಾದು, ಮತ್ತೆ ಅಳೆಯಬೇಕು. 1996 ಮತ್ತು 1997ರಲ್ಲಿ ಇದು ಹಲವು ಸರದಿಗಳಲ್ಲಿ ನಡೆಯಿತು. ಈ ಏರ್ಪಾಡು ಇಲ್ಲದಿದ್ದರೆ ಕನಿಷ್ಠ 120 ಮಿಲಿಮೀಟರ್ ಆಗಬಹುದಾಗಿದ್ದ ಚಲನೆ 35 ಮಿಲಿಮೀಟರ್ ಮೀರಲಿಲ್ಲ.

ಈ ನಡುವೆ ಹಳೆಯ ಮಾರ್ಗದ ರೈಲುಗಳು ಓಡುತ್ತಲೇ ಇದ್ದವು. ಮೇಲೆ ಏಳಲಿದ್ದ ಸಂಸದರ ಕಚೇರಿ ಕಟ್ಟಡ ಪೋರ್ಟ್‌ಕಲಿಸ್ ಹೌಸ್‌ನ ನೆಲಮಟ್ಟಕ್ಕೆ ಹೊಂದುವಂತೆ ಅವುಗಳ ಹಳಿಯನ್ನು 300 ಮಿಲಿಮೀಟರ್ ಇಳಿಸಬೇಕಿತ್ತು. ಸಂಚಾರ ನಿಂತ ರಾತ್ರಿಯ ಕೆಲವೇ ಗಂಟೆಗಳಲ್ಲಿ ಅದನ್ನು ಚೂರುಚೂರಾಗಿ ಇಳಿಸಿದರು. ಆಳದ ಪ್ಲಾಟ್‌ಫಾರ್ಮ್‌ಗಳು 1999ರ ಡಿಸೆಂಬರ್ 22ರಂದು ತೆರೆದವು. 1868ರ ಮಾರ್ಗ ಇಂದಿಗೂ ಆ ಪೆಟ್ಟಿಗೆಯ ಮೇಲ್ಭಾಗದಲ್ಲೇ ಹಾಯುತ್ತದೆ. ಎಸ್ಕಲೇಟರ್‌ನಲ್ಲಿ ಇಳಿಯುವವರು ಅದರ ಅಡಿಯಿಂದಲೇ ಕೆಳಕ್ಕೆ ಸಾಗುತ್ತಾರೆ.