ಮಾತು ಕಳೆದುಕೊಂಡವನ ವಾದ: ‘ಜಾನಿ ಗಾಟ್ ಹಿಸ್ ಗನ್’ ಟಿಪ್ಪಣಿ

ಪುಣೆಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಾ, ಮನೆಯಲ್ಲಿ ಕನ್ನಡ ಮಾತನಾಡುವ ಗೆಳೆಯರಿಗಾಗಿ ಈ ಟಿಪ್ಪಣಿ. ಅಮೆರಿಕದ ಲೇಖಕ ಡಾಲ್ಟನ್ ಟ್ರಂಬೊನ ಈ ಕಾದಂಬರಿಯ ಸಾರಾಂಶ ಯಾವ ಗೈಡಿನಲ್ಲಾದರೂ ಸಿಗುತ್ತದೆ. ಆದ್ದರಿಂದ ಅದನ್ನು ಬೇಗ ಮುಗಿಸುತ್ತೇನೆ. ಜೋ ಬೊನಮ್ ಕೊಲರಾಡೊದ ಸಣ್ಣ ಊರಿನ ಹುಡುಗ, ಲಾಸ್ ಏಂಜಲೀಸ್‌ನ ಬೇಕರಿಯೊಂದರ ಕೆಲಸಗಾರ. ಮೊದಲ ಮಹಾಯುದ್ಧಕ್ಕೆ ಹೋಗಿ ಶೆಲ್ ಸಿಡಿತಕ್ಕೆ ಸಿಕ್ಕಿದ್ದಾನೆ. ಎರಡು ಕೈ, ಎರಡು ಕಾಲು, ಕಣ್ಣು, ಕಿವಿ, ಮೂಗು, ಬಾಯಿ, ನಾಲಿಗೆ ಎಲ್ಲವೂ ಹೋಗಿವೆ. ಉಳಿದಿರುವುದು ಮುಂಡ, ಚರ್ಮದ ಸ್ಪರ್ಶ ಮತ್ತು ಸ್ವಲ್ಪವೂ ಕೆಡದ ಬುದ್ಧಿ. ಇಡೀ ಕಾದಂಬರಿ ನಡೆಯುವುದು ಆಸ್ಪತ್ರೆಯ ಆ ಹಾಸಿಗೆಯ ಮೇಲೆ, ಅವನ ತಲೆಯೊಳಗೆ.

ಇದರ ಬಗ್ಗೆ ಉತ್ತರ ಬರೆಯುವವರು ಸಾಮಾನ್ಯವಾಗಿ ಗಾಯಗಳ ಭೀಕರತೆಯನ್ನೇ ಎರಡು ಪುಟ ವರ್ಣಿಸಿ, ‘ಆದ್ದರಿಂದ ಯುದ್ಧ ಕೆಟ್ಟದ್ದು’ ಎಂದು ಮುಗಿಸುತ್ತಾರೆ. ಭೀಕರತೆಯೇ ಟ್ರಂಬೊನ ಗುರಿಯಾಗಿದ್ದರೆ ಕೆಲವು ಅಧ್ಯಾಯಗಳಿಗೇ ಪುಸ್ತಕ ಮುಗಿಯಬೇಕಿತ್ತು. ಆದರೆ ಅದು ಇಪ್ಪತ್ತು ಅಧ್ಯಾಯ ಬೆಳೆದಿದೆ. ಯುದ್ಧದ ಬಗ್ಗೆ ಮಾತನಾಡುವ ಹಕ್ಕು ಯಾರದು ಎಂಬುದು ಈ ಕಾದಂಬರಿಯ ಪ್ರಶ್ನೆ ಎಂದು ನನಗನ್ನಿಸುತ್ತದೆ.

ಪುಸ್ತಕಕ್ಕೆ ಎರಡು ಭಾಗಗಳಿವೆ: ಸತ್ತವರದು ಮೊದಲನೆಯದು, ಬದುಕಿರುವವರದು ಎರಡನೆಯದು. ಮೊದಲ ಭಾಗದ ಕೊನೆಯಲ್ಲಿರುವ ಹತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ, ತಾಯ್ನೆಲಕ್ಕಾಗಿ ಪ್ರಾಣ ಕೊಡುವುದು ಸಾರ್ಥಕ ಎಂದು ಹೇಳುವವರೆಲ್ಲ ಬದುಕಿರುವವರು. ಅದು ನಿಜವೇ ಎಂದು ಸತ್ತವನನ್ನು ಕೇಳಿದವರಿಲ್ಲ. ಜೋ ಹೆಚ್ಚುಕಡಿಮೆ ಸತ್ತವನೇ, ಆದರೆ ಯೋಚಿಸಬಲ್ಲ. ಹಾಗಾಗಿ ಸತ್ತವರ ಪರವಾಗಿ ಸಾಕ್ಷಿ ನುಡಿಯಬಲ್ಲವನು ತಾನೊಬ್ಬನೇ ಎಂಬ ನಿಲುವಿಗೆ ಅವನು ಬರುತ್ತಾನೆ. ತೊಡಕಿರುವುದು ಇಲ್ಲೇ: ಸಾಕ್ಷಿ ಸಿದ್ಧನಿದ್ದಾನೆ, ನುಡಿಯಲು ಬಾಯಿಲ್ಲ.

ಎರಡನೆಯ ಭಾಗವೆಲ್ಲ ಈ ತೊಡಕನ್ನು ಬಿಡಿಸುವ ಕೆಲಸ. ಮೊದಲು ಕಾಲವನ್ನು ಹಿಡಿಯಬೇಕು. ಇಲಿಯೊಂದು ತನ್ನ ಗಾಯವನ್ನು ಕಚ್ಚುತ್ತಿದೆ ಎಂಬ ಕನಸು ಬಿದ್ದಾಗ, ತಾನು ನಿದ್ರೆಯಲ್ಲಿದ್ದೇನೆಯೋ ಎಚ್ಚರವಾಗಿದ್ದೇನೆಯೋ ತಿಳಿಯದೆ ಅವನು ದಿಗಿಲುಗೊಂಡಿದ್ದ. ಈಗ ನರ್ಸು ಬಂದುಹೋಗುವ ಕಂಪನವನ್ನು ಎಣಿಸುತ್ತಾನೆ. ಚರ್ಮಕ್ಕೆ ತಗಲುವ ಬಿಸಿಲಿನ ಬೆಚ್ಚನೆಯಿಂದ ಬೆಳಗನ್ನು ಗುರುತಿಸುತ್ತಾನೆ. ಆಮೇಲೆ ಸ್ವಂತ ಪಂಚಾಂಗ ಕಟ್ಟಿಕೊಂಡು ವರ್ಷ ಲೆಕ್ಕ ಹಾಕುತ್ತಾನೆ. ಯುದ್ಧದ ಕಾದಂಬರಿಯಲ್ಲಿ ನಾನು ಓದಿದ ಅತ್ಯಂತ ರೋಚಕ ಪುಟಗಳು ಇವು, ಮತ್ತು ಇವುಗಳಲ್ಲಿ ಒಂದು ಗುಂಡೂ ಹಾರುವುದಿಲ್ಲ.

ನಡುವೆ ಪದಕದ ಪ್ರಸಂಗ ಬರುತ್ತದೆ. ಹಲವರ ಹೆಜ್ಜೆಗಳ ಕಂಪನ, ಎದೆಯ ಬಟ್ಟೆಗೆ ಏನನ್ನೋ ಚುಚ್ಚುವ ಬೆರಳುಗಳು. ತನ್ನನ್ನು ಗೌರವಿಸುತ್ತಿದ್ದಾರೆ ಎಂದು ತಿಳಿದಾಗ ಅವನಿಗೆ ಉಕ್ಕುವುದು ಸಿಟ್ಟು. ಅಲ್ಲಿಂದ ಅವನು ತಲೆಯನ್ನು ದಿಂಬಿಗೆ ಬಡಿದು, ಹುಡುಗನಾಗಿದ್ದಾಗ ಕಲಿತ, ಚುಕ್ಕೆ-ಗೀಟುಗಳ ಮೋರ್ಸ್ ಸಂಕೇತದಲ್ಲಿ ಮಾತನಾಡಲು ತೊಡಗುತ್ತಾನೆ. ನೋಡುವವರು ಅದನ್ನು ರೋಗದ ಸೆಳೆತವೆಂದುಕೊಂಡು ಔಷಧಿ ಕೊಟ್ಟು ಮಲಗಿಸುತ್ತಾರೆ. ಕೊನೆಗೆ ಹೊಸ ನರ್ಸೊಬ್ಬಳು ಅವನ ಎದೆಯ ಮೇಲೆ ಬೆರಳಿನಿಂದ ಕ್ರಿಸ್‌ಮಸ್ ಶುಭಾಶಯ ಬರೆಯುತ್ತಾಳೆ. ಅವನ ಬಡಿತದಲ್ಲಿ ಅರ್ಥವಿದೆ ಎಂದು ಊಹಿಸುವವಳೂ ಅವಳೇ.

ಜೋ ಕೇಳುವುದೇನು? ತನ್ನನ್ನು ಹೊರಗೆ ಒಯ್ದು ಜನರಿಗೆ ತೋರಿಸಿ, ಪ್ರದರ್ಶನದ ದುಡ್ಡಿನಲ್ಲಿ ತನ್ನ ಖರ್ಚನ್ನು ತಾನೇ ನಿಭಾಯಿಸಿಕೊಳ್ಳುತ್ತೇನೆ ಎನ್ನುತ್ತಾನೆ. ನಮ್ಮ ಪುಣೆಯ ಖಡಕಿಯಲ್ಲಿರುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಇದೇ ಯುದ್ಧದ ನಡುವೆ, 1917ರಲ್ಲಿ, ಅಂಗವಿಕಲರಾದ ಸೈನಿಕರಿಗೆ ಕಸುಬು ಕಲಿಸಲೆಂದು ಹುಟ್ಟಿದ್ದು. ಅದನ್ನು ನೆನೆದರೆ ಜೋನ ಬೇಡಿಕೆಯ ಕಹಿ ತಿಳಿಯುತ್ತದೆ. ಅವನಿಗೆ ಉಳಿದಿರುವ ಕಸುಬೆಂದರೆ ಕಾಣಿಸಿಕೊಳ್ಳುವುದು. ಅಧಿಕಾರಿಗಳ ಉತ್ತರ: ನೀನು ಕೇಳುವುದು ನಿಯಮಕ್ಕೆ ವಿರುದ್ಧ, ನೀನು ಯಾರು? ಹೆಸರು ಕೇಳುವುದಕ್ಕಿಂತ ಮೊದಲು ನಿಯಮ ಹೇಳುತ್ತಾರೆ ಎಂಬುದನ್ನು ಗಮನಿಸಿ.

ಹೆಸರಿನ ವಿಷಯದಲ್ಲಿ ನಮಗೆ ರನ್ನನ ‘ಗದಾಯುದ್ಧ’ ನೆನಪಾಗಬೇಕು. ಅಲ್ಲಿ ದುರ್ಯೋಧನ ರಣಭೂಮಿಯಲ್ಲಿ ನಡೆಯುತ್ತಾ ದ್ರೋಣ, ಲಕ್ಷ್ಮಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಮುಂದೆಯೂ ನಿಂತು ಶೋಕಿಸುತ್ತಾನೆ. ಅಲ್ಲಿನ ಹೆಣಕ್ಕೂ ಹೆಸರಿದೆ, ನೆಂಟಸ್ತಿಕೆಯಿದೆ. ಖಡಕಿಯ ಯುದ್ಧ ಸ್ಮಶಾನದಲ್ಲೂ, ಬೇರೆಡೆ ಹೂಳಲ್ಪಟ್ಟು ಸಮಾಧಿಯ ಆರೈಕೆ ಸಾಧ್ಯವಾಗದ ಮೊದಲ ಮಹಾಯುದ್ಧದ 1,800ಕ್ಕೂ ಹೆಚ್ಚು ಸೈನಿಕರ ಸ್ಮಾರಕವಿದೆ. ಜೋಗೆ ಉಸಿರಿದೆ, ಹೆಸರಿಲ್ಲ. ತುಲನಾತ್ಮಕ ಪ್ರಶ್ನೆ ಬಂದರೆ ರನ್ನನನ್ನು ಧೈರ್ಯವಾಗಿ ತನ್ನಿ.

ಶೈಲಿಯ ಬಗ್ಗೆ ಇಷ್ಟು ಸಾಕು: ಅಲ್ಪವಿರಾಮಗಳು ಇಲ್ಲವೆನ್ನುವಷ್ಟು ಕಡಿಮೆ, ನೆನಪು ಮತ್ತು ವರ್ತಮಾನದ ನಡುವೆ ಬೇಲಿಯಿಲ್ಲ. ಮೊದಲ ಅಧ್ಯಾಯದಲ್ಲಿ ಬಿಡದೆ ಬಡಿಯುವ ಟೆಲಿಫೋನು ಅಪ್ಪನ ಸಾವಿನ ಸುದ್ದಿಯ ನೆನಪು, ಕೇಳಿಸಿಕೊಳ್ಳುತ್ತಿರುವವನು ಕಿವುಡ. ‘ಅವನು’ ಎಂದು ಶುರುವಾದ ನಿರೂಪಣೆ ಕೊನೆಯಲ್ಲಿ ‘ನಾವು’ ಆಗುತ್ತದೆ.

ಆ ‘ನಾವು’ ಶಾಂತಿಪಾಠವಲ್ಲ. ನಮ್ಮ ಕೈಗೆ ಬಂದೂಕು ಕೊಟ್ಟರೆ ಅದನ್ನು ನಿಮ್ಮ ಮೇಲೆಯೇ ತಿರುಗಿಸುತ್ತೇವೆ ಎಂದು ಯುದ್ಧ ಹೂಡುವವರಿಗೆ ಹಾಕುವ ಬೆದರಿಕೆ ಅದು. ಅಹಿಂಸೆಯ ಕಾದಂಬರಿ ಎಂದು ಬರೆದರೆ ಅಂಕ ಹೋದೀತು. ಲೇಖಕನ ನಿಲುವೂ ಅಷ್ಟು ಸರಳವಾಗಿರಲಿಲ್ಲ. ಪುಸ್ತಕ ಹೊರಬಂದದ್ದು 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ ದಿನವೇ. ಅಮೆರಿಕ ಯುದ್ಧಕ್ಕಿಳಿದ ಮೇಲೆ ಪ್ರತಿಗಳು ಮುಗಿದಾಗ, ಯುದ್ಧ ಮುಗಿಯುವವರೆಗೆ ಮರುಮುದ್ರಣ ಬೇಡವೆಂಬುದಕ್ಕೆ ಟ್ರಂಬೊನೇ ಒಪ್ಪಿದ. ಇದನ್ನು ಕೆಲವರು ಅವಕಾಶವಾದ ಎನ್ನುತ್ತಾರೆ. ನನಗೆ ಅದು ಕಾದಂಬರಿಯ ವಾದಕ್ಕೇ ಎದುರಾದ ಪ್ರಾಮಾಣಿಕ ಇಕ್ಕಟ್ಟು ಎನಿಸುತ್ತದೆ.

ಕಮ್ಯುನಿಸ್ಟ್ ನಂಟಿನ ಬಗ್ಗೆ ಅಮೆರಿಕದ ಸಂಸತ್ ಸಮಿತಿ ಟ್ರಂಬೊನನ್ನು ಪ್ರಶ್ನಿಸಿದ 1947ರ ವಿಚಾರಣೆ, 1950ರ ಜೈಲು, ಕೆಲಸ ಕೊಡಬಾರದವರ ಹಾಲಿವುಡ್ ಕಪ್ಪುಪಟ್ಟಿ, ಬೇರೆಯವರ ಹೆಸರಿನಲ್ಲಿ ಬರೆದ ಚಿತ್ರಕಥೆಗಳು, 1971ರಲ್ಲಿ ಇದೇ ಕಾದಂಬರಿಯನ್ನು ಅವನೇ ಸಿನಿಮಾ ಆಗಿ ನಿರ್ದೇಶಿಸಿದ್ದು ಇವೆಲ್ಲ ಒಂದು ವಾಕ್ಯಕ್ಕೆ ಸಾಕು. ಹೆಸರು ಕಳೆದುಕೊಂಡ ಲೇಖಕನಿಗೂ ಜೋಗೂ ಗಂಟು ಹಾಕುವ ಆಸೆಯಾಗುತ್ತದೆ. ಆದರೆ ಕಾದಂಬರಿ ಬಂದದ್ದು ಮೊದಲು. ಸಮಯ ಕಡಿಮೆಯಿದ್ದರೆ ಒಂದು, ಹತ್ತು ಮತ್ತು ಇಪ್ಪತ್ತನೆಯ ಅಧ್ಯಾಯಗಳನ್ನು ಮತ್ತೊಮ್ಮೆ ಓದಿ.