ಸೆಕೆಂಡ್ ಲೈನ್

ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಜಾಝ್ ಬಗ್ಗೆ ಓದುವವರಿಗೆ ಮತ್ತೆಮತ್ತೆ ಎದುರಾಗುವ ಮಾತು ‘ಸೆಕೆಂಡ್ ಲೈನ್’. ಒಬ್ಬರು ಅದನ್ನು ಜನರ ಗುಂಪು ಎನ್ನುತ್ತಾರೆ, ಇನ್ನೊಬ್ಬರು ಮೆರವಣಿಗೆ ಎನ್ನುತ್ತಾರೆ, ಡ್ರಮ್ ಬಾರಿಸುವವರು ಅದೊಂದು ನಡೆ, ಅಂದರೆ ಲಯದ ಬಗೆ, ಎನ್ನುತ್ತಾರೆ. ಮೂರೂ ಸರಿ. ಹುಟ್ಟಿದ್ದು ಮಾತ್ರ ಮೊದಲ ಅರ್ಥದಿಂದ.

ಮೆರವಣಿಗೆ ಹೊರಡಿಸಿದ ಕ್ಲಬ್ಬಿನವರು, ಅವರು ಕರೆಸಿದ ಬ್ರಾಸ್ ಬ್ಯಾಂಡು (ಹಿತ್ತಾಳೆಯ ಊದುವಾದ್ಯ ಮತ್ತು ಡ್ರಮ್ಮುಗಳ ತಂಡ): ಇಷ್ಟು ಫಸ್ಟ್ ಲೈನ್. ಸದ್ದು ಕೇಳಿ ಮನೆಯಿಂದೆದ್ದು ಬಂದು, ಕರವಸ್ತ್ರವನ್ನೋ ಛತ್ರಿಯನ್ನೋ ಬೀಸುತ್ತ ಹಿಂದೆ ಕುಣಿಯುವವರು ಸೆಕೆಂಡ್ ಲೈನ್. ಅವರನ್ನು ಯಾರೂ ಕರೆದಿರುವುದಿಲ್ಲ, ಯಾರೂ ತಡೆಯುವುದೂ ಇಲ್ಲ.

ಈ ಕ್ಲಬ್ಬುಗಳ ಪೂರ್ತಿ ಹೆಸರು ‘ಸೋಶಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್’. ಕಪ್ಪು ಜನರಿಗೆ ವಿಮೆ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಇಂಥ ಸಂಘಗಳು ಸದಸ್ಯರಿಂದ ಚಂದಾ ಎತ್ತಿ ವೈದ್ಯರ ಖರ್ಚು, ಮಣ್ಣು ಮಾಡುವ ಖರ್ಚು, ಶವಯಾತ್ರೆಯ ಬ್ಯಾಂಡಿನ ಖರ್ಚು ನೋಡಿಕೊಳ್ಳುತ್ತಿದ್ದವು. 1884ರಲ್ಲಿ ಹುಟ್ಟಿದ ಯಂಗ್ ಮೆನ್ ಒಲಿಂಪಿಯನ್ ಸಂಘ ಈಗಲೂ ಮೆರವಣಿಗೆ ತೆಗೆಯುತ್ತದೆ. ಆಗಸ್ಟ್ ಕೊನೆಯಿಂದ ಜೂನ್‌ವರೆಗೆ ಬಹುತೇಕ ಪ್ರತಿ ಭಾನುವಾರವೂ ಒಂದಲ್ಲ ಒಂದು ಕ್ಲಬ್ಬಿನ ಸರದಿ. ಸುಮಾರು ನಾಲ್ಕು ಗಂಟೆಯ ನಡಿಗೆ, ನಡುನಡುವೆ ಬಾರುಗಳ ಮುಂದೆ ವಿರಾಮ. ಪರವಾನಗಿ ಶುಲ್ಕವನ್ನು ನಗರಾಡಳಿತ 2006ರಲ್ಲಿ ಒಮ್ಮೆಲೇ ಏರಿಸಿದಾಗ ಕ್ಲಬ್ಬುಗಳು ನ್ಯಾಯಾಲಯಕ್ಕೆ ಹೋಗಿ ಅದನ್ನು ಇಳಿಸಿಕೊಂಡವು.

ಶವಯಾತ್ರೆಯಲ್ಲಿ ಈ ಪದದ ಅರ್ಥ ಇನ್ನೂ ಸ್ಪಷ್ಟ. ಸ್ಮಶಾನದ ಕಡೆ ಹೋಗುವಾಗ ‘ಜಸ್ಟ್ ಎ ಕ್ಲೋಸರ್ ವಾಕ್ ವಿತ್ ದೀ’ಯಂಥ ಪ್ರಾರ್ಥನಾ ಗೀತೆ, ತೀರಾ ನಿಧಾನಗತಿಯಲ್ಲಿ. ಸ್ನೇರ್ ಡ್ರಮ್ಮಿನ ಅಡಿಯಲ್ಲಿರುವ ತಂತಿಗಳನ್ನು ಸಡಿಲಿಸುತ್ತಾರೆ, ಇಲ್ಲವೇ ತಂತಿಗೂ ಚರ್ಮಕ್ಕೂ ನಡುವೆ ಕರವಸ್ತ್ರ ತೂರಿಸುತ್ತಾರೆ. ಚರಚರ ಸದ್ದು ಹೋಗಿ ಮಂಕು ಪೆಟ್ಟಷ್ಟೇ ಉಳಿಯುತ್ತದೆ. ಶವವನ್ನು ಬೀಳ್ಕೊಟ್ಟ ಮೇಲೆ ತಂತಿ ಬಿಗಿಯಾಗುತ್ತದೆ, ಡ್ರಮ್ಮಿನ ಮೇಲೆ ಎಡೆಬಿಡದ ಪೆಟ್ಟುಗಳ ಒಂದು ಸುರಿಮಳೆ, ‘ಓ ಡಿಡಂಟ್ ಹೀ ರ‍್ಯಾಂಬಲ್’ ಶುರು. ಸೆಕೆಂಡ್ ಲೈನ್ ಕುಣಿಯುವುದು ಆಗ, ಅದಕ್ಕೆ ಮೊದಲಲ್ಲ.

ಇನ್ನು ನಡೆ. ನಮ್ಮ ಕಿವಿ ಸಮವನ್ನು, ಅಂದರೆ ಆವರ್ತದ ಮೊದಲ ಪೆಟ್ಟನ್ನು, ಹುಡುಕುತ್ತದೆ, ತೊಡಕೂ ಅಲ್ಲೇ. ಎಂಟರವರೆಗೆ ಎಣಿಸಿ. ಸಾಮಾನ್ಯ ಮಾರ್ಚ್‌ನಲ್ಲಿ ಬಾಸ್ ಡ್ರಮ್ಮಿನ ಪೆಟ್ಟು ಒಂದು, ಮೂರು, ಐದು, ಏಳಕ್ಕೆ. ಇಲ್ಲಿ ಎಂಟನೆಯದಕ್ಕೆ ಭಾರಿ ಪೆಟ್ಟು ಬೀಳುತ್ತದೆ, ಅಂದರೆ ನಾಲ್ಕೆಣಿಕೆಯ ಆವರ್ತಗಳಲ್ಲಿ ಪ್ರತಿ ಎರಡನೆಯದರ ನಾಲ್ಕನೇ ಎಣಿಕೆಗೆ. ಇದೇ ‘ಬಿಗ್ ಫೋರ್’. ಮುಂದಿನ ಒಂದಕ್ಕೆ ಕಾಲಿಡುವ ಮೊದಲೇ ಮೈ ಎತ್ತಿದಂತಾಗುವುದು ಇದರಿಂದ. ಕಲಿಯುವವರ ಇನ್ನೊಂದು ತಪ್ಪು, ಎಣಿಕೆಯ ಭಾಗಗಳನ್ನು ಪೂರ್ತಿ ಸಮವಾಗಿಯೋ ಪೂರ್ತಿ ತಿಶ್ರವಾಗಿಯೋ (ಎಣಿಕೆಯನ್ನು ಮೂರು ಭಾಗ ಮಾಡಿ) ಬಾರಿಸುವುದು. ನಡೆ ಇರುವುದು ಎರಡರ ನಡುವೆ. ಸ್ವರಲಿಪಿಯಲ್ಲಿ ಬರೆದದ್ದನ್ನು ನೋಡಿ ಬಾರಿಸಿದರೆ ಸಪ್ಪೆಯಾಗುವುದು ಅದಕ್ಕೇ. ಬೀದಿಯಲ್ಲಿ ಸ್ನೇರ್ ಒಬ್ಬರದು, ಬಾಸ್ ಡ್ರಮ್ ಇನ್ನೊಬ್ಬರದು. ಬಾಸ್ ಡ್ರಮ್ಮಿನ ಮೇಲೆ ಕೂರಿಸಿದ ಲೋಹದ ತಾಳವನ್ನು (ಸಿಂಬಲ್) ಆ ಎರಡನೆಯವರೇ ಬಗ್ಗಿಸಿದ ತಂತಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ಬಾರಿಸುತ್ತಾರೆ. ಇಬ್ಬರ ಈ ಕೆಲಸವನ್ನು ಕೂತು ಬಾರಿಸುವ ಒಂದೇ ಡ್ರಮ್ ಸೆಟ್ಟಿಗೆ ಇಳಿಸಿದವರಲ್ಲಿ ಅರ್ಲ್ ಪಾಮರ್, ‘ಮೀಟರ್ಸ್’ ತಂಡದ ಝಿಗಬೂ ಮೊಡೆಲಿಸ್ಟ್ ಮುಖ್ಯರು. ಗಾಯಕ ಫ್ಯಾಟ್ಸ್ ಡೊಮಿನೊ 1949ರಲ್ಲಿ ಧ್ವನಿಮುದ್ರಿಸಿದ ‘ದ ಫ್ಯಾಟ್ ಮ್ಯಾನ್’ ಹಾಡಿನಲ್ಲಿ ಡ್ರಮ್ ಪಾಮರ್ ಅವರದೇ.

ಬ್ರಾಸ್ ಬ್ಯಾಂಡುಗಳು ನಶಿಸುತ್ತಿವೆ ಎನ್ನಿಸಿದ್ದ ಹೊತ್ತಿನಲ್ಲಿ, 1970ರ ಸುಮಾರಿಗೆ, ಬ್ಯಾಂಜೊ ವಾದಕ ಡ್ಯಾನಿ ಬಾರ್ಕರ್ ಒಂದು ಚರ್ಚಿನ ಹುಡುಗರನ್ನು ಸೇರಿಸಿ ಬ್ಯಾಂಡು ಕಟ್ಟಿದರು. 1977ರಲ್ಲಿ ಹುಟ್ಟಿದ ‘ಡರ್ಟಿ ಡಜನ್’ ಬ್ಯಾಂಡು ಬೀಬಾಪ್ (ಜಾಝ್‌ನ ಒಂದು ವೇಗದ ಶೈಲಿ) ಮತ್ತು ಫಂಕ್ (ಲಯಪ್ರಧಾನ ಕುಣಿತದ ಸಂಗೀತ) ಬೆರೆಸಿ ವೇಗ ಹೆಚ್ಚಿಸಿತು. 1983ರಲ್ಲಿ ಹುಟ್ಟಿದ ‘ರೀಬರ್ತ್’ ಬ್ಯಾಂಡು ಅದನ್ನು ಮುಂದುವರಿಸಿ 2012ರಲ್ಲಿ ಗ್ರ್ಯಾಮಿ ಗೆದ್ದಿತು. ಈಗ ಬಾಡಿಗೆ ಬ್ಯಾಂಡಿನ ಹಿಂದೆ ಮದುವೆಯ ಅತಿಥಿಗಳು ನಡೆಯುವುದನ್ನೂ ಸೆಕೆಂಡ್ ಲೈನ್ ಎನ್ನುತ್ತಾರೆ. ವಾದ್ಯದವರಿಗೆ ಅದು ಒಳ್ಳೆಯ ಸಂಪಾದನೆ, ಆಕ್ಷೇಪಿಸಬೇಕಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಕುಣಿದರೆ ಪದದ ಅರ್ಧ ಅರ್ಥ ಹೋದಂತೆಯೇ.

ಕೇಳಿ ತಿಳಿಯಲು ‘ಜೋ ಏವರೀಸ್ ಪೀಸ್’ ಎಂಬ ರಚನೆ ಒಳ್ಳೆಯದು. ಊರವರು ಅದನ್ನು ‘ಸೆಕೆಂಡ್ ಲೈನ್’ ಎಂದೇ ಕರೆಯುತ್ತಾರೆ. ಟ್ರಂಪೆಟ್ ಒಂದು ಸಾಲು ನುಡಿಸಿ ನಿಲ್ಲುತ್ತದೆ. ಆ ಖಾಲಿ ಜಾಗದಲ್ಲಿ ಹಿಂದಿನ ಗುಂಪು ‘ಹೇ!’ ಎನ್ನಬೇಕು.