ರಾಸ್ಪ್‌ಬೆರಿ ಪೈ ಸ್ಕ್ರೀನ್ ತಾನಾಗಿ ಮಲಗಿ, ತಾನಾಗಿ ಏಳೋದು ಹೇಗೆ?

ಪ್ರಶ್ನೆ: ಹಾಲ್‌ನ ಗೋಡೆಗೆ ಹಳೆಯ 22 ಇಂಚಿನ ಮಾನಿಟರ್ ಹಾಕಿ, ಅದರ ಬೆನ್ನಿಗೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಕೂರಿಸಿದ್ದೇನೆ. ಕ್ಯಾಲೆಂಡರ್, ಹವಾಮಾನ, ಮನೆಯವರ ಫೋಟೋಗಳು ಬರುತ್ತಿರುತ್ತವೆ. ಕೀಬೋರ್ಡ್, ಮೌಸ್ ಏನೂ ಇಲ್ಲ. ತೊಂದರೆ ಏನೆಂದರೆ ರಾತ್ರಿಯೆಲ್ಲ ಸ್ಕ್ರೀನ್ ಉರಿಯುತ್ತಲೇ ಇರುತ್ತದೆ. ಯಾರೂ ಇಲ್ಲದಾಗ ಮಲಗಿ, ಯಾರಾದರೂ ಬಂದಾಗ ಏಳುವ ಹಾಗೆ ಮಾಡಬಹುದಾ? ಲ್ಯಾಪ್‌ಟಾಪ್ ಥರ ಪೈಯನ್ನೇ ಸ್ಲೀಪ್‌ಗೆ ಹಾಕಿದರೆ ಆಗೋದಿಲ್ವಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಆಗೋದಿಲ್ಲ. ಲ್ಯಾಪ್‌ಟಾಪ್‌ನಲ್ಲಿರುವ ಸ್ಲೀಪ್ ಪೈಯಲ್ಲಿ ಇಲ್ಲವೇ ಇಲ್ಲ. ಅದು ಓಡುತ್ತಿರಬೇಕು, ಇಲ್ಲವಾದರೆ ಶಟ್‌ಡೌನ್ ಆಗಿರಬೇಕು. ಪೈ 5ರಲ್ಲಿ ಗಡಿಯಾರದ ಚಿಪ್ ಇರುವುದರಿಂದ ಇಂತಿಷ್ಟು ಹೊತ್ತಿಗೆ ಏಳು ಎಂದು ಅಲಾರಾಂ ಇಡಬಹುದು ನಿಜ. ಆದರೆ ಅದು ಎಚ್ಚರವಾಗುವುದಲ್ಲ, ಹೊಸದಾಗಿ ಬೂಟ್ ಆಗುವುದು. ಮನುಷ್ಯ ಎದುರು ಬಂದು ನಿಂತಾಗ ಅಷ್ಟು ಹೊತ್ತು ಕಾಯಲು ಆಗುತ್ತಾ?

ಅಷ್ಟಕ್ಕೂ ಪೈ ತಿನ್ನುವುದು ತೀರಾ ಕಮ್ಮಿ. ಪೈ 4 ಸುಮ್ನೆ ಕೂತಿದ್ದಾಗ ಸುಮಾರು 3 ವ್ಯಾಟ್. ಹಸಿವು ಇರುವುದು ಮಾನಿಟರ್‌ಗೆ. 22 ಇಂಚಿನದ್ದು 20 ವ್ಯಾಟ್ ಎಂದುಕೊಳ್ಳಿ. ಹಗಲು ರಾತ್ರಿ ಉರಿದರೆ ತಿಂಗಳಿಗೆ 14.4 ಯೂನಿಟ್. ದಿನಕ್ಕೆ 4 ಗಂಟೆ ಮಾತ್ರ ಉರಿದರೆ 2.4 ಯೂನಿಟ್. ಕರ್ನಾಟಕದಲ್ಲಿದ್ದು ಗೃಹಜ್ಯೋತಿ ತೆಗೆದುಕೊಂಡಿದ್ದರೆ ಈ ಲೆಕ್ಕ ಇನ್ನೂ ಮುಖ್ಯ. 2022-23ರ ಸರಾಸರಿ ಬಳಕೆಯ ಮೇಲೆ ಶೇಕಡ 10 ಸೇರಿಸಿ ಉಚಿತ ಮಿತಿ ಕೊಟ್ಟಿದ್ದಾರೆ, ಅಲ್ವಾ? ಸರಾಸರಿ 120 ಯೂನಿಟ್ ಇದ್ದ ಮನೆಗೆ ಸಿಗುವ ಹೆಚ್ಚುವರಿ 12 ಯೂನಿಟ್. ಅಷ್ಟನ್ನೂ ಗೋಡೆಯ ಮೇಲಿನ ಈ ಒಂದು ಮಾನಿಟರ್ ತಿಂದು, ಇನ್ನೂ ಸ್ವಲ್ಪ ಕೇಳುತ್ತದೆ. ಹಾಗಾಗಿ ಪೈಯನ್ನು ಅದರ ಪಾಡಿಗೆ ಬಿಡಿ. ಮಲಗಬೇಕಾದದ್ದು ಸ್ಕ್ರೀನ್ ಮಾತ್ರ.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಸ್ಕ್ರೀನ್ ಕಪ್ಪಾದರೆ ಆಫ್ ಆಯಿತು ಎಂದುಕೊಳ್ಳುತ್ತಾರೆ. ಕಪ್ಪು ಚಿತ್ರ ತೋರಿಸುವುದು ಬೇರೆ, ಎಚ್‌ಡಿಎಂಐ ಸಿಗ್ನಲ್ ನಿಲ್ಲಿಸುವುದು ಬೇರೆ, ಹಿಂದಿನ ಬೆಳಕು ಆರಿಸುವುದು ಬೇರೆ. ಸ್ಕ್ರೀನ್‌ಸೇವರ್ ಬರೀ ಕಪ್ಪು ಬಣ್ಣ ಬಳಿಯುತ್ತದೆ. ಎಲ್‌ಸಿಡಿ ಮಾನಿಟರ್‌ನ ಬ್ಯಾಕ್‌ಲೈಟ್ ಹಿಂದೆ ಉರಿಯುತ್ತಲೇ ಇರುತ್ತದೆ, ಕರೆಂಟೂ ಹೆಚ್ಚು ಕಮ್ಮಿ ಅಷ್ಟೇ ಹೋಗುತ್ತದೆ. ರಾತ್ರಿ ದೀಪ ಆರಿಸಿ ನೋಡಿ, ಮೂಲೆಗಳಲ್ಲಿ ಬೂದು ಬೆಳಕು ಸೋರುವುದು ಕಾಣುತ್ತದೆ. ಮಾನಿಟರ್ ನಿಜವಾಗಿ ಮಲಗಬೇಕಾದರೆ ಸಿಗ್ನಲ್ ನಿಲ್ಲಬೇಕು. ಆಗ ಅದು ಕೆಲವು ಸೆಕೆಂಡ್ ಹುಡುಕಿ, ಬೆಳಕು ಆರಿಸಿ, ಪವರ್ ದೀಪದ ಬಣ್ಣ ಬದಲಿಸುತ್ತದೆ ಇಲ್ಲವೇ ಮಿಟುಕಿಸುತ್ತದೆ. ನೀವು ನೋಡಬೇಕಾದ ಗುರುತು ಆ ಪುಟ್ಟ ದೀಪ.

ಸಿಗ್ನಲ್ ನಿಲ್ಲಿಸುವ ಕಮಾಂಡ್ ಯಾವುದು? ಇಂಟರ್ನೆಟ್‌ನಲ್ಲಿ ಹುಡುಕಿದರೆ ಹತ್ತು ಉತ್ತರ ಸಿಗುತ್ತವೆ, ಅರ್ಧಕ್ಕರ್ಧ ಈಗ ಕೆಲಸ ಮಾಡೋದಿಲ್ಲ. ಕಾರಣ ಇದೆ. ಮೊದಲೆಲ್ಲ ಎಚ್‌ಡಿಎಂಐ ಪೈಯ ಫರ್ಮ್‌ವೇರ್ (ಬೋರ್ಡಿನ ಒಳಗಿನ ಮೂಲ ಪ್ರೋಗ್ರಾಂ) ಕೈಯಲ್ಲಿತ್ತು. ಆ ಕಾಲದ ಟಿವಿ-ಸರ್ವಿಸ್, ವಿಸಿ-ಜೆನ್-ಸಿಎಂಡಿ ಕಮಾಂಡ್‌ಗಳು ನೇರವಾಗಿ ಅದಕ್ಕೇ ಹೇಳುತ್ತಿದ್ದವು. 2021ರ ನವೆಂಬರ್‌ನಲ್ಲಿ ಪೈಯ ಆಪರೇಟಿಂಗ್ ಸಿಸ್ಟಂನ ಬುಲ್ಸ್‌ಐ ಆವೃತ್ತಿ ಬಂದಾಗ ಆ ಕೆಲಸ ಅದರ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಸ್ಕ್ರೀನ್ ನೋಡಿಕೊಳ್ಳುವ ಕೆಎಂಎಸ್ ಡ್ರೈವರ್‌ಗೆ ಹೋಯಿತು. 2023ರ ಅಕ್ಟೋಬರ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ಪೈ 4 ಮತ್ತು ಪೈ 5ರ ಡೆಸ್ಕ್‌ಟಾಪ್ ಎಕ್ಸ್11 ಬಿಟ್ಟು ವೇಲ್ಯಾಂಡ್‌ಗೆ ಬಂತು (ಎರಡೂ ಕಿಟಕಿಗಳನ್ನು ಸ್ಕ್ರೀನ್ ಮೇಲೆ ತೋರಿಸುವ ವ್ಯವಸ್ಥೆಗಳು). ಅದರ ಮುಂದಿನ ವರ್ಷ ವೇಲ್ಯಾಂಡ್ ಒಳಗೂ ಕಿಟಕಿಗಳನ್ನು ಜೋಡಿಸುವ ವೇಫೈರ್ ಎಂಬ ಪ್ರೋಗ್ರಾಂ ಹೋಗಿ ಲ್ಯಾಬ್-ಡಬ್ಲ್ಯುಸಿ ಬಂತು. ಪ್ರತಿ ಸಲವೂ ಸ್ಕ್ರೀನ್ ಆರಿಸುವ ವಿಧಾನ ಬದಲಾಯಿತು. ಹಳೆಯ ಬರಹಗಳನ್ನು ಯಾರೂ ಅಳಿಸಲಿಲ್ಲ!

ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಎಕ್ಸ್‌ಡಿಜಿ ಸೆಷನ್ ಟೈಪ್’ ಎಂಬ ವೇರಿಯಬಲ್ ಅನ್ನು ಎಕೋ ಮಾಡಿದರೆ (ಅದರ ಮೌಲ್ಯ ತೋರಿಸು ಎಂದರೆ) ವೇಲ್ಯಾಂಡ್ ಅಥವಾ ಎಕ್ಸ್11 ಎಂದು ಬರುತ್ತದೆ. ಎಕ್ಸ್11 ಆದರೆ ಎಕ್ಸ್‌ಸೆಟ್ ಕಮಾಂಡ್‌ಗೆ ಡಿಪಿಎಂಎಸ್ ಫೋರ್ಸ್ ಆಫ್, ಡಿಪಿಎಂಎಸ್ ಫೋರ್ಸ್ ಆನ್ ಎಂದು ಹೇಳಿದರೆ ಮುಗಿಯಿತು. ವೇಲ್ಯಾಂಡ್ ಆದರೆ ಡಬ್ಲ್ಯುಎಲ್‌ಓಪಿಎಂ ಎಂಬ ಪುಟ್ಟ ಪ್ರೋಗ್ರಾಂ. ನಿಮ್ಮಲ್ಲಿ ಇಲ್ಲದಿದ್ದರೆ ಪ್ರೋಗ್ರಾಂ ಇನ್‌ಸ್ಟಾಲ್ ಮಾಡುವ ಆಪ್ಟ್ ಕಮಾಂಡ್‌ನಿಂದ ಹಾಕಿಕೊಳ್ಳಿ. ಆಫ್ ಅಥವಾ ಆನ್ ಎಂದು ಹೇಳಿ ಪೋರ್ಟ್ ಹೆಸರು ಕೊಡಬೇಕು. ಪೈ 4ರ ಮೊದಲ ಪೋರ್ಟ್‌ಗೆ ಎಚ್‌ಡಿಎಂಐ-ಎ-1 ಎಂದು ಹೆಸರು. ಡಬ್ಲ್ಯುಎಲ್‌ಆರ್-ರ‍್ಯಾಂಡರ್ ಎಂಬ ಇನ್ನೊಂದು ಕಮಾಂಡ್ ಕೂಡ ಸ್ಕ್ರೀನ್ ಆರಿಸುತ್ತದೆ, ನಾನು ಅದನ್ನು ಹೇಳೋದಿಲ್ಲ. ಅದು ಸ್ಕ್ರೀನ್ ಅನ್ನು ಡೆಸ್ಕ್‌ಟಾಪ್‌ನಿಂದಲೇ ತೆಗೆದುಹಾಕುತ್ತದೆ. ಮತ್ತೆ ಆನ್ ಮಾಡಿದಾಗ ಪೂರ್ತಿ ಪರದೆಯಲ್ಲಿದ್ದ ಬ್ರೌಸರ್ ಎಲ್ಲೋ ಜಾರಿರಬಹುದು.

ಇನ್ನು ಏಳಿಸುವವರು ಯಾರು? ಪೈಯಲ್ಲೇ ‘ಸ್ಕ್ರೀನ್ ಬ್ಲ್ಯಾಂಕಿಂಗ್’ ಎಂಬ ಆಯ್ಕೆ ಇದೆ. ಪೈಯ ಸೆಟ್ಟಿಂಗ್ಸ್ ಮೆನುವಾದ ರಾಸ್ಪಿ-ಕಾನ್ಫಿಗ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಸಿಗುತ್ತದೆ. ಲ್ಯಾಬ್-ಡಬ್ಲ್ಯುಸಿಯಲ್ಲಿ ಅದನ್ನು ಆನ್ ಮಾಡಿದರೆ ಡೆಸ್ಕ್‌ಟಾಪ್ ಜೊತೆ ತಾನಾಗಿ ಶುರುವಾಗುವ ಪ್ರೋಗ್ರಾಂಗಳ ಪಟ್ಟಿಯಾದ ಆಟೋಸ್ಟಾರ್ಟ್ ಫೈಲ್‌ನಲ್ಲಿ ಸ್ವೇ-ಐಡಲ್ ಎಂಬ ಪ್ರೋಗ್ರಾಂನ ಒಂದು ಸಾಲು ಸೇರುತ್ತದೆ. ಅದರಲ್ಲಿ 600 ಎಂಬ ಸಂಖ್ಯೆ ಕಾಣುತ್ತದೆ. 600 ಸೆಕೆಂಡ್, ಅಂದರೆ 10 ನಿಮಿಷ. ಕೀಬೋರ್ಡ್, ಮೌಸ್ ಇರುವ ಮೇಜಿನ ಪೈಗೆ ಇಷ್ಟೇ ಸಾಕು, ಸಂಖ್ಯೆ ಬದಲಿಸಿಕೊಂಡರೆ ಆಯಿತು. ನಿಮಗೆ ಸಾಕಾಗೋದಿಲ್ಲ. ಸ್ವೇ-ಐಡಲ್‌ಗೆ ಕೀ ಒತ್ತಿದ್ದು, ಮೌಸ್ ಅಲ್ಲಾಡಿದ್ದು, ಟಚ್ ಆದದ್ದು ಮಾತ್ರ ಗೊತ್ತಾಗುತ್ತದೆ. ನೀವು ಎದುರು ನಿಂತು ಕೈ ಬೀಸಿದರೂ ಅದರ ಲೆಕ್ಕದಲ್ಲಿ ಮನೆ ಖಾಲಿ. ಹಾಗಾಗಿ ನಿಮಗೆ ಮನುಷ್ಯರ ಚಲನೆ ಹಿಡಿಯುವ ಸೆನ್ಸರ್ ಬೇಕು. ಅದನ್ನು ಹಾಕುವ ಮೊದಲು ಈ ಆಯ್ಕೆಯನ್ನು ಆಫ್ ಮಾಡಿ. ಎರಡೂ ಇದ್ದರೆ ಜಗಳ ಶುರು. ಸ್ವೇ-ಐಡಲ್ ಹತ್ತು ನಿಮಿಷಕ್ಕೆ ಆರಿಸುತ್ತದೆ, ಸೆನ್ಸರ್ ಹೊತ್ತಿಸುತ್ತದೆ, ಸ್ಕ್ರೀನ್ ಹೊತ್ತಿರುವುದು ಸ್ವೇ-ಐಡಲ್‌ಗೆ ಗೊತ್ತೇ ಆಗೋದಿಲ್ಲ.

ಸೆನ್ಸರ್ ಎಂದರೆ ಪಿಐಆರ್. ಎಚ್‌ಸಿ-ಎಸ್ಆರ್501 ಎಂದು ಕೇಳಿ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಬಿಳಿ ಗುಮ್ಮಟ ಹೊತ್ತ ಚಿಕ್ಕ ಬೋರ್ಡು. ಮೈಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದನ್ನು ಅದು ಹಿಡಿಯುತ್ತದೆ. ಅದಕ್ಕೆ 5 ವೋಲ್ಟ್ ಬೇಕು, ಹೊರಗೆ ಕೊಡುವ ಸಿಗ್ನಲ್ ಮಾತ್ರ 3.3 ವೋಲ್ಟ್. ಪೈಯ ಪಿನ್‌ಗಳು ತಡೆಯುವುದೂ ಅಷ್ಟನ್ನೇ, ಆದ್ದರಿಂದ ನಡುವೆ ಏನೂ ಸೇರಿಸದೆ ನೇರವಾಗಿ ಜೋಡಿಸಬಹುದು. 2ನೇ ಪಿನ್‌ನಿಂದ 5 ವೋಲ್ಟ್, 6ನೇ ಪಿನ್ ಗ್ರೌಂಡ್, ಸಿಗ್ನಲ್ ವೈರ್ 7ನೇ ಪಿನ್‌ಗೆ. ಪ್ರೋಗ್ರಾಂನಲ್ಲಿ ಅದೇ 7ನೇ ಪಿನ್‌ಗೆ ಜಿಪಿಐಓ 4 ಎಂದು ಹೆಸರು, ಗಲಿಬಿಲಿ ಬೇಡ. ಸೆನ್ಸರ್‌ನ ಮೂರು ಕಾಲುಗಳ ಕ್ರಮ ಎಲ್ಲ ಬೋರ್ಡಿನಲ್ಲೂ ಒಂದೇ ಇರುವುದಿಲ್ಲ. ಗುಮ್ಮಟವನ್ನು ಮೆಲ್ಲಗೆ ಕಿತ್ತರೆ ಅದರ ಅಡಿಯಲ್ಲಿ ಕಾಲಿನ ಹೆಸರು ಅಚ್ಚಾಗಿರುತ್ತದೆ. ಓದಿಕೊಂಡೇ ವೈರ್ ಹಾಕಿ.

ಬೋರ್ಡಿನ ಮೇಲೆ ಎರಡು ಕಿತ್ತಳೆ ಬಣ್ಣದ ತಿರುಪು ಇರುತ್ತವೆ. ಒಂದು ಎಷ್ಟು ದೂರ ನೋಡಬೇಕು ಎನ್ನಲು, ಇನ್ನೊಂದು ಸಿಗ್ನಲ್ ಎಷ್ಟು ಹೊತ್ತು ಹಿಡಿದಿರಬೇಕು ಎನ್ನಲು. ಹೊತ್ತಿನ ತಿರುಪನ್ನು ಪೂರ್ತಿ ಕಮ್ಮಿ ಮಾಡಿಬಿಡಿ. ಎಷ್ಟು ಹೊತ್ತು ಎನ್ನುವುದನ್ನು ಪೈಯಲ್ಲಿ ಓಡುವ ನಿಮ್ಮ ಪೈಥಾನ್ ಪ್ರೋಗ್ರಾಂ ನೋಡಿಕೊಳ್ಳಲಿ. ತಿರುಪು ತಿರುಗಿಸಲು ಪ್ರತಿ ಸಲ ಸ್ಟೂಲ್ ಹತ್ತುವ ಬದಲು ಫೈಲ್‌ನಲ್ಲಿ ಸಂಖ್ಯೆ ಬದಲಿಸುವುದು ಸುಲಭ. ಕರೆಂಟ್ ಕೊಟ್ಟ ಮೇಲೆ ಸುಮಾರು ಒಂದು ನಿಮಿಷ ಸೆನ್ಸರ್ ಸುಳ್ಳು ಹೇಳುತ್ತದೆ. ಹಾಳಾಗಿದೆ ಎಂದು ವಾಪಸ್ ಕೊಡಬೇಡಿ. ವೈಫೈ ಇರುವ ಪೈಗೆ ತೀರಾ ಅಂಟಿಸಿದರೂ ಸುಮ್ಮಸುಮ್ಮನೆ ಎಚ್ಚರವಾಗಬಹುದು, ಗೇಣುದ್ದ ವೈರ್ ಹಾಕಿ ದೂರ ಇಡಿ. ಗಾಜಿನ ಹಿಂದೆ ಇಟ್ಟರೆ ಏನೂ ಕಾಣುವುದಿಲ್ಲ. ರಾಯಚೂರು, ಕಲಬುರಗಿ ಕಡೆಯವರಿಗೆ ಇನ್ನೊಂದು ಮಾತು: ಬೇಸಿಗೆಯಲ್ಲಿ ಗೋಡೆಯೇ ಮೈಯಷ್ಟು ಬಿಸಿ ಆದಾಗ ಪಿಐಆರ್‌ಗೆ ಎರಡರ ನಡುವೆ ವ್ಯತ್ಯಾಸ ಕಮ್ಮಿ ಕಾಣುತ್ತದೆ, ಹಿಡಿಯುವ ದೂರವೂ ಇಳಿಯುತ್ತದೆ. ಅಲುಗಾಡದೆ ಕೂತವರನ್ನೂ ರೇಡಾರ್ ಸೆನ್ಸರ್ ಹಿಡಿಯುತ್ತದೆ ಎಂದು ಕೆಲವರು ಅದರ ಹಿಂದೆ ಬೀಳುತ್ತಾರೆ. ಸೀಲಿಂಗ್ ಫ್ಯಾನ್ ತಿರುಗುವ ಹಾಲ್‌ನಲ್ಲಿ ಅದು ಫ್ಯಾನನ್ನೇ ಮನುಷ್ಯ ಎಂದುಕೊಳ್ಳುವುದು ಜಾಸ್ತಿ. ನಿಮಗೆ ಪಿಐಆರ್ ಸಾಕು.

ಪೈಥಾನ್ ಕಡೆ ಪೈಯ ಪಿನ್‌ಗಳನ್ನು ಓದುವ ಜಿಪಿಐಓ-ಝೀರೋ ಲೈಬ್ರರಿಯಲ್ಲಿ ಮೋಷನ್ ಸೆನ್ಸರ್ ಸಿದ್ಧವಾಗೇ ಇದೆ. ಮುಂದೆ ಪೈ 5 ತಗೊಂಡರೂ ಅದೇ ನಡೆಯುತ್ತದೆ, ಹಳೆಯ ಆರ್‌ಪಿಐ-ಜಿಪಿಐಓ ನಡೆಯೋದಿಲ್ಲ. ಪ್ರೋಗ್ರಾಂನ ತಿರುಳು ಇಷ್ಟೇ: ಚಲನೆ ಕಂಡಾಗಲೆಲ್ಲ ಆ ಹೊತ್ತನ್ನು ಬರೆದಿಟ್ಟುಕೊ. ಸ್ಕ್ರೀನ್ ಆರಿದ್ದರೆ ಹೊತ್ತಿಸು. ಕೊನೆಯ ಚಲನೆ ಆಗಿ 300 ಸೆಕೆಂಡ್ ದಾಟಿದ್ದು, ಸ್ಕ್ರೀನ್ ಹೊತ್ತಿದ್ದರೆ ಆರಿಸು. ‘ಆರಿದ್ದರೆ’, ‘ಹೊತ್ತಿದ್ದರೆ’ ಎಂಬ ಆ ಎರಡು ಮಾತು ಬಿಡಬೇಡಿ. ಈಗಿನ ಸ್ಥಿತಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಬದಲಾಗಬೇಕಾದಾಗ ಮಾತ್ರ ಕಮಾಂಡ್ ಕಳಿಸಿ. ಇಲ್ಲದಿದ್ದರೆ ಯಾರೋ ಎದುರು ಕೂತಷ್ಟು ಹೊತ್ತೂ ಆನ್, ಆನ್, ಆನ್ ಎಂದು ಕೂಗುತ್ತಲೇ ಇರುತ್ತದೆ. 300ಕ್ಕಿಂತ ಕಮ್ಮಿ ಇಡಬೇಡಿ ಎನ್ನುವುದು ನನ್ನ ಸಲಹೆ. ಪಿಐಆರ್‌ಗೆ ಅಲುಗಾಟ ಬೇಕು, ಸೋಫಾದಲ್ಲಿ ಸುಮ್ನೆ ಕೂತು ಪೇಪರ್ ಓದುವ ಅಜ್ಜ ಅದಕ್ಕೆ ಕಾಣುವುದೇ ಇಲ್ಲ. ಬೆಕ್ಕು ಮಾತ್ರ ಚೆನ್ನಾಗಿ ಕಾಣುತ್ತದೆ.

ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಚಲನೆ ಕಂಡರೂ ಏಳಬೇಡ ಎಂದು ಅದೇ ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿ. ನಡುರಾತ್ರಿ ನೀರು ಕುಡಿಯಲು ಎದ್ದವರ ಮುಖಕ್ಕೆ ಬೆಳಕು ರಾಚುವುದು ಯಾರಿಗೂ ಬೇಡ.

ಸೆನ್ಸರ್ ಬೇಡ, ಗಡಿಯಾರ ನೋಡಿ ಆರಿ ಹೊತ್ತಿದರೆ ಸಾಕು ಎನ್ನುವವರು ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಬಳಸುತ್ತಾರೆ. ಅವರಿಂದ ಬರುವ ದೂರು ಯಾವಾಗಲೂ ಒಂದೇ: ಟರ್ಮಿನಲ್‌ನಲ್ಲಿ ಓಡುವ ಕಮಾಂಡ್ ಕ್ರಾನ್‌ನಲ್ಲಿ ಓಡುವುದಿಲ್ಲ. ಕ್ರಾನ್ ನಿಮ್ಮ ಡೆಸ್ಕ್‌ಟಾಪ್‌ನ ಹೊರಗೆ ನಿಂತು ಕೆಲಸ ಮಾಡುತ್ತದೆ. ಯಾವ ಸ್ಕ್ರೀನು, ಯಾರ ಸೆಷನ್ನು ಎಂದು ಅದಕ್ಕೆ ಗೊತ್ತಿಲ್ಲ. ಆ ಸಾಲಿನಲ್ಲೇ ‘ವೇಲ್ಯಾಂಡ್ ಡಿಸ್‌ಪ್ಲೇ’ ಮತ್ತು ‘ಎಕ್ಸ್‌ಡಿಜಿ ರನ್‌ಟೈಮ್ ಡಿರ್’ ಎಂಬ ಎರಡು ವೇರಿಯಬಲ್ ಕೊಡಬೇಕು. ಅವುಗಳ ಮೌಲ್ಯ ನಿಮ್ಮ ಟರ್ಮಿನಲ್‌ನಲ್ಲಿ ಎಕೋ ಮಾಡಿದರೆ ಸಿಗುತ್ತದೆ, ಹಾಗೇ ನಕಲು ಮಾಡಿ. ನಿಮ್ಮ ಪೈಥಾನ್ ಪ್ರೋಗ್ರಾಂ ಅನ್ನು ಲ್ಯಾಬ್-ಡಬ್ಲ್ಯುಸಿಯ ಆಟೋಸ್ಟಾರ್ಟ್ ಫೈಲ್‌ನಿಂದಲೇ ಶುರು ಮಾಡಿದರೆ ಈ ತಲೆನೋವು ಇಲ್ಲ, ಡೆಸ್ಕ್‌ಟಾಪ್ ಒಳಗೇ ಹುಟ್ಟುವುದರಿಂದ ಎಲ್ಲ ಅದಕ್ಕೆ ಗೊತ್ತಿರುತ್ತದೆ.

ಟೈಮ್‌ಝೋನ್ ಕೂಡ ನೋಡಿಕೊಳ್ಳಿ. ಪೈ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ನೀವು ಬದಲಿಸದೆ ಬಿಟ್ಟಿದ್ದರೆ ಅದು ಲಂಡನ್ ಗಡಿಯಾರದಲ್ಲೇ ಬದುಕುತ್ತಿರುತ್ತದೆ. ರಾತ್ರಿ 11ಕ್ಕೆ ಆರಬೇಕಾದ ಸ್ಕ್ರೀನ್ ಅಲ್ಲಿನ ಚಳಿಗಾಲದಲ್ಲಿ ನಮ್ಮ ಬೆಳಗಿನ ಜಾವ 4.30ಕ್ಕೂ, ಬೇಸಿಗೆಯಲ್ಲಿ 3.30ಕ್ಕೂ ಆರುತ್ತದೆ. ಏಷ್ಯಾ, ಕೋಲ್ಕತ್ತ ಎಂದು ಆಯ್ದುಕೊಳ್ಳಿ.

ಸ್ಕ್ರೀನ್ ಮಲಗುತ್ತದೆ, ಎದ್ದ ಮೇಲೆ ಚಿತ್ರ ಬರುವುದಿಲ್ಲ ಅಥವಾ ಅಕ್ಷರಗಳೆಲ್ಲ ದಪ್ಪ ದಪ್ಪ ಆಗಿರುತ್ತವೆ ಎಂದರೆ ತಪ್ಪು ನಿಮ್ಮ ಪ್ರೋಗ್ರಾಂನದಲ್ಲ. ಕೆಲವು ಮಾನಿಟರ್‌ಗಳು ಮಲಗಿದಾಗ ಕೇಬಲ್ ಕಿತ್ತ ಹಾಗೆ ನಡೆದುಕೊಳ್ಳುತ್ತವೆ. ಮಾನಿಟರ್ ಇಲ್ಲವೇ ಇಲ್ಲ ಎಂದು ಪೈ ಚಿತ್ರದ ಅಳತೆ (ರೆಸಲ್ಯೂಷನ್) ಬದಲಿಸಿಬಿಡುತ್ತದೆ. ಬೂಟ್ ಪಾರ್ಟಿಷನ್‌ನ ಸಿಎಂಡಿಲೈನ್ ಫೈಲ್‌ನಲ್ಲಿ ‘ವಿಡಿಯೋ’ ಎಂಬ ಆಯ್ಕೆ ಹಾಕಿ, ಪೋರ್ಟ್ ಹೆಸರು, ಅಳತೆ, 60 ಹರ್ಟ್ಸ್ ಎಲ್ಲ ಬರೆದು ಕೊನೆಗೆ ದೊಡ್ಡ ‘ಡಿ’ ಅಕ್ಷರ ಅಂಟಿಸಿ. ಮಾನಿಟರ್ ಇದ್ದೇ ಇದೆ ಎಂದು ನಂಬು ಎನ್ನುವುದು ಆ ಅಕ್ಷರದ ಕೆಲಸ. ಆ ಫೈಲ್ ಪೂರ್ತಿ ಒಂದೇ ಸಾಲಿನಲ್ಲಿರಬೇಕು. ನಡುವೆ ಎಂಟರ್ ಒತ್ತಿದರೆ ಪೈ ಬೂಟ್ ಆಗದೆ ಕೂರಬಹುದು.

ಇದೇ ಪ್ರಶ್ನೆಯನ್ನು ಟಿವಿ ಇಟ್ಟುಕೊಂಡವರೂ ಕೇಳುತ್ತಾರೆ. ಟಿವಿಗೆ ಸಿಗ್ನಲ್ ನಿಲ್ಲಿಸಿದರೆ ಅದು ‘ನೋ ಸಿಗ್ನಲ್’ ಎಂದು ತೇಲಾಡಿಸಿ, ಬಹಳ ಹೊತ್ತಾದ ಮೇಲೆ ಆಫ್ ಆಗುತ್ತದೆ. ಸಿಗ್ನಲ್ ಬಂದಾಗ ತಾನಾಗಿ ಏಳುವುದೂ ಇಲ್ಲ. ಅದಕ್ಕೆ ಸಿಇಸಿ ಬೇಕು. ಎಚ್‌ಡಿಎಂಐ ಕೇಬಲ್‌ನ 13ನೇ ಪಿನ್ ಮೇಲೆ ಹೋಗುವ ರಿಮೋಟ್ ಮಾತು ಇದು. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಟಿವಿ ಮೆನುವಿನಲ್ಲಿ ಅದು ಆನ್ ಇದೆಯಾ ನೋಡಿ, ಪೈಯಲ್ಲಿ ಸಿಇಸಿ-ಯುಟಿಲ್ಸ್ ಹಾಕಿ, ಸಿಇಸಿ-ಕ್ಲೈಂಟ್ ಮೂಲಕ ‘ಆನ್ 0’, ‘ಸ್ಟ್ಯಾಂಡ್‌ಬೈ 0’ ಕಳಿಸಿ. ಸೊನ್ನೆ ಎಂದರೆ ಟಿವಿ. ಸೆಟ್‌ಟಾಪ್ ಬಾಕ್ಸ್ ಚಾನೆಲ್ ಬಂದರೆ ‘ಆಕ್ಟಿವ್ ಸೋರ್ಸ್’ ಕಮಾಂಡ್ ಕೂಡ ಕಳಿಸಿ, ಪೈಯ ಇನ್‌ಪುಟ್‌ಗೆ ತಿರುಗುತ್ತದೆ. ನಿಮ್ಮ ಮಾನಿಟರ್‌ಗೆ ಇದನ್ನು ಪ್ರಯತ್ನಿಸಬೇಡಿ, ಕಂಪ್ಯೂಟರ್ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ಸಿಇಸಿ ಇರುವುದಿಲ್ಲ.

ಏನೂ ಕೆಲಸ ಮಾಡದಿದ್ದರೆ ಮಾನಿಟರ್‌ನ ಪ್ಲಗ್‌ಗೆ ಸ್ಮಾರ್ಟ್ ಪ್ಲಗ್ ಹಾಕುವುದೂ ಒಂದು ದಾರಿ. ಕರೆಂಟ್ ಹೋಗಿ ಬಂದಾಗ ನಿಮ್ಮ ಮಾನಿಟರ್ ತಾನಾಗಿ ಆನ್ ಆಗುತ್ತದೆಯಾ ಎಂದು ಮೊದಲು ಸ್ವಿಚ್ ಆರಿಸಿ ಹಾಕಿ ನೋಡಿ. ಪೈಯನ್ನು ಮಾತ್ರ ಅದೇ ಪ್ಲಗ್‌ಗೆ ಸಿಕ್ಕಿಸಬೇಡಿ. ಓಡುತ್ತಿರುವಾಗ ದಿನಾ ಕರೆಂಟ್ ಕಿತ್ತರೆ ಎಸ್‌ಡಿ ಕಾರ್ಡ್‌ನಲ್ಲಿರುವ ಫೈಲ್‌ಗಳು ಯಾವತ್ತೋ ಒಂದು ದಿನ ಕೆಡುತ್ತವೆ.